ಎಡಬದಿಯ ಹಿಂದಿನ ಸಿಗ್ನಲ್

2023ರ ನವೆಂಬರ್‌ನಲ್ಲಿ ಅಸುಂಡಿಯ ಫಕ್ಕೀರಪ್ಪನ ಲಾರಿ ಫಿಟ್‌ನೆಸ್ ತಪಾಸಣೆಯಲ್ಲಿ ನಪಾಸಾಯಿತು. ಎಂಜಿನ್, ಬ್ರೇಕ್, ಟಯರು ಎಲ್ಲ ಸರಿಯಿದ್ದವು. ಎಡಬದಿಯ ಹಿಂದಿನ ಸಿಗ್ನಲ್ ದೀಪ ಹಗಲಿನಲ್ಲಿ ಕಾಣುವುದಿಲ್ಲ ಎಂಬುದೊಂದೇ ಕಾರಣ. ಆಗ ನಾನು ಬೆಟಗೇರಿಯಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿ ನಡೆಸುತ್ತಿದ್ದೆ. ಈಗಲೂ ನಡೆಸುತ್ತಿದ್ದೇನೆ.

ಲಾರಿಯ ಓನರ್ ಫಕ್ಕೀರಪ್ಪನೇ, ಡ್ರೈವರ್ ಕೂಡ ಅವನೇ. ಅವನ ಹೊಲದಲ್ಲಿ ಕಿತ್ತ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಬಯಲಲ್ಲೇ ರಾಶಿ ಬಿದ್ದಿತ್ತು, ಮೋಡ ಕವಿದಿತ್ತು. ಫಿಟ್‌ನೆಸ್ ಇಲ್ಲದೆ ಗಾಡಿ ರಸ್ತೆಗೆ ಇಳಿಸುವ ಹಾಗಿಲ್ಲ. ಊರಿನ ಉಳಿದ ಗಾಡಿಗಳೆಲ್ಲ ಬೇರೆಯವರ ಉಳ್ಳಾಗಡ್ಡಿ ಸಾಗಿಸುತ್ತಿದ್ದವು, ಬಾಡಿಗೆಗೆ ಸಿಗುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ತಪಾಸಣೆಗೆ ಹೋಗಬೇಕಿತ್ತು. ಹೆಂಡತಿ ನೀಲವ್ವನನ್ನೂ ಕೂಡಿಸಿಕೊಂಡು ಅವನು ಅಂಗಡಿಗೆ ಬಂದ.

"ಮಿಸ್ತ್ರಿ, ಬಲ್ಬ್ ಬದಲಿ ಮಾಡಿ ಮಾಡಿ ಸಾಕಾತು. ಎಲ್ಲಾ ಎಲ್‌ಇಡಿ ಹಾಕಿಬಿಡ್ರಿ. ಹಗಲೊತ್ತಿನ್ಯಾಗ ಸುದ್ದಾ ಕಣ್ಣ ಕುಕ್ಕಬೇಕು."

ಹೆಡ್‌ಲೈಟಿನ ನಿಯಮ ಬೇರೆ, ಅದನ್ನು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದೆ. ಸಿಗ್ನಲ್, ಬ್ರೇಕ್, ಪಾರ್ಕಿಂಗ್ ಮತ್ತು ಕ್ಯಾಬಿನ್ ದೀಪಗಳನ್ನು ಮಾತ್ರ ಬದಲಿಸುವುದೆಂದು ಒಪ್ಪಂದವಾಯಿತು. ಲಾರಿಯದು 24 ವೋಲ್ಟ್, ಕಾರಿನ ಬಲ್ಬ್ ಹಾಕಿದರೆ ಸುಟ್ಟುಹೋಗುತ್ತದೆ. ಹಳದಿ ಗಾಜಿನೊಳಗೆ ಹಳದಿ, ಕೆಂಪು ಗಾಜಿನೊಳಗೆ ಕೆಂಪು ಎಲ್‌ಇಡಿ ಆರಿಸಿದೆ. ಬಿಳಿ ಹಾಕಿದರೆ ಬಣ್ಣ ತೆಳುವಾಗುತ್ತದೆ.

ಕ್ಯಾಬಿನ್‌ನಿಂದ ಶುರು ಮಾಡಿದೆ. ಹೊಸ ಬಲ್ಬ್ ಹತ್ತಲಿಲ್ಲ. ಅದನ್ನೇ ತೆಗೆದು ಹಿಂದುಮುಂದು ಮಾಡಿ ಕೂರಿಸಿದಾಗ ಹತ್ತಿತು.

"ಹಳೇದು ಹೆಂಗ ಹಾಕಿದ್ರೂ ಹತ್ತತಿತ್ತಲ್ರಿ?" ಎಂದ ಫಕ್ಕೀರಪ್ಪ.

"ಅದರಾಗ ಕರೆಂಟು ಎರಡೂ ಕಡಿಂದ ಹೋಕ್ಕತಿ. ಇದು ಒಂದ ಕಡಿಂದ ಅಷ್ಟ ಬಿಡತೈತಿ."

ನೀಲವ್ವ ದೀಪದ ಬೆಳಕಿನಲ್ಲಿ ಕ್ಯಾಬಿನ್ ತುಂಬ ಕಣ್ಣಾಡಿಸಿದಳು. "ಅಯ್ಯ, ಸೀಟಿನ ಬುಡಕ ಇಷ್ಟ ಕಸಾ ಇತ್ತೇನು! ಇಷ್ಟ ದಿನಾ ಕತ್ತಲಾಗ ಮುಚ್ಚಿಟ್ಟಿದ್ದೀರಿ."

ಆಮೇಲೆ ಪಾರ್ಕಿಂಗ್, ಬ್ರೇಕ್ ದೀಪಗಳನ್ನು ಬದಲಿಸಿದೆ. ಕೊನೆಗೆ ಸಿಗ್ನಲ್. ಹೊಸ ದೀಪಗಳು ಅತಿವೇಗವಾಗಿ ಮಿಟುಕತೊಡಗಿದವು. ಇದು ನಿರೀಕ್ಷಿತವೇ. ಸಿಗ್ನಲನ್ನು ಮಿಟುಕಿಸುವ ಫ್ಲಾಶರ್ ಎಂಬ ಸಣ್ಣ ಡಬ್ಬಿ, ಕರೆಂಟು ಕಡಿಮೆ ಹರಿದರೆ ಬಲ್ಬ್ ಹೋಗಿದೆ ಎಂದು ಭಾವಿಸಿ ಅವಸರ ಮಾಡುತ್ತದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿದೆ. ಲಯ ಸರಿಹೋಯಿತು. ಮುಂದಿನ ಎರಡು, ಬಲಬದಿಯ ಹಿಂದಿನದು ಝಗ್ಗನೆ ಹತ್ತಿದವು. ಎಡಬದಿಯ ಹಿಂದಿನದು ಮಾತ್ರ ಪೂರ್ತಿ ಸತ್ತಿತ್ತು. ಹಳೆಯ ಬಲ್ಬ್ ಮಂದವಾಗಿಯಾದರೂ ಹತ್ತುತ್ತಿತ್ತು, ಹೊಸದರಲ್ಲಿ ಅದೂ ಇಲ್ಲ. ಬಲ್ಬ್ ತಿರುಗಿಸಿ ನೋಡಿದೆ, ಬೇರೆಯದು ಹಾಕಿ ನೋಡಿದೆ. ಫಲವಿಲ್ಲ.

ಎದುರಿನ ಚಹಾ ಅಂಗಡಿಯಲ್ಲಿ ಕುಳಿತಿದ್ದ ಶಿರಹಟ್ಟಿಯ ಡ್ರೈವರ್ ಮಲ್ಲಪ್ಪ ಸುಮ್ಮನಿರಲಿಲ್ಲ. "ಲೇ ಫಕ್ಕೀರ್ಯಾ, ಗಾಡಿನ ಮದಿವಿ ಮಂಟಪ ಮಾಡೀದಿ, ಒಂದ ಕಣ್ಣ ತೆರೀವಲ್ದಲ್ಲೋ!"

ಫಕ್ಕೀರಪ್ಪನ ಮುಖ ಇಳಿಯಿತು. "ಮಿಸ್ತ್ರಿ, ಹಳೇದ ಹಾಕಿಬಿಡ್ರಿ. ಏನರ ಮಾಡಿ ಸಾಹೇಬರ ಕೈಕಾಲು ಹಿಡಿತೀನಿ."

ಆದರೆ ನನಗೆ ಕ್ಯಾಬಿನ್‌ನ ತಿರುಗಿಸಿದ ಬಲ್ಬ್ ನೆನಪಾಯಿತು. ಲಾರಿಯ ದೀಪಕ್ಕೆ ಸ್ವಿಚ್ಚಿನಿಂದ ಒಂದೇ ವಾಯರ್ ಬರುತ್ತದೆ. ಕರೆಂಟು ವಾಪಸ್ ಹೋಗುವುದು ಗಾಡಿಯ ಕಬ್ಬಿಣದ ಮೂಲಕ, ಇದನ್ನೇ ಅರ್ಥಿಂಗ್ ಎನ್ನುತ್ತೇವೆ. ಆ ದಾರಿ ಮುಚ್ಚಿಹೋಗಿದ್ದರೆ ಹಳೆಯ ಬಲ್ಬಿನ ಕರೆಂಟು ಪಕ್ಕದ ಪಾರ್ಕಿಂಗ್ ದೀಪದೊಳಗೆ ಉಲ್ಟಾ ನುಗ್ಗಿ, ಬೇರೆ ದೀಪಗಳ ಅರ್ಥಿಂಗ್ ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಮಂದ ಬೆಳಕು. ಈಗ ಪಾರ್ಕಿಂಗ್‌ನಲ್ಲೂ ಎಲ್‌ಇಡಿ ಇತ್ತು, ಅದು ಉಲ್ಟಾ ಹರಿಯಲು ಬಿಡದು, ಆದ್ದರಿಂದ ಕತ್ತಲು. ಬ್ಯಾಟರಿಯ ನೆಗೆಟಿವ್‌ನಿಂದ ಉದ್ದ ವಾಯರ್ ಎಳೆದು ಎಡ ದೀಪದ ಲೋಹಕ್ಕೆ ತಾಗಿಸಿದೆ. ಸಿಗ್ನಲ್ ಫಳಫಳ ಮಿಟುಕಿತು.

ಕಾರಣ ಅಲ್ಲೇ ಕಣ್ಣೆದುರಿಗಿತ್ತು. ದಸರೆಯ ಖಂಡೆ ಪೂಜೆಗೆ ಲಾರಿಗೆ ಹೊಸ ಬಣ್ಣ ಹಚ್ಚಿಸುವುದು ನಮ್ಮ ಕಡೆಯ ಪದ್ಧತಿ. ಲಕ್ಷ್ಮೇಶ್ವರದ ಪೇಂಟರ್ ಪ್ರತಿ ವರ್ಷ ದೀಪ ಕೂರಿಸಿದ ಕಬ್ಬಿಣದ ಪಟ್ಟಿಯನ್ನು ಬಿಚ್ಚಿ, ಪಟ್ಟಿಗೂ ಗಾಡಿಯ ಚೌಕಟ್ಟಾದ ಚಾಸಿಗೂ ಬೇರೆಬೇರೆ ಬಣ್ಣ ಬಳಿದು, ಒಣಗಿದ ಮೇಲೆ ಬೋಲ್ಟ್ ಬಿಗಿಯುತ್ತಿದ್ದ. ಅಚ್ಚುಕಟ್ಟಾದ ಕೆಲಸ. ಬಣ್ಣದ ಪದರಗಳು ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಮಾಡಿದ್ದವು. ಬಲಬದಿಯ ಪಟ್ಟಿಯನ್ನು ಹಿಂದೊಮ್ಮೆ ಚಾಸಿಗೇ ವೆಲ್ಡಿಂಗ್ ಮಾಡಿದ್ದರಿಂದ ಅದನ್ನು ಬಿಚ್ಚಲಾಗದೆ ಅಲ್ಲಿನ ಅರ್ಥಿಂಗ್ ಉಳಿದುಕೊಂಡಿತ್ತು.

ಬಣ್ಣ ಕೆರೆಯಲು ಉಳಿ ತೆಗೆದಾಗ ಫಕ್ಕೀರಪ್ಪ ಅಡ್ಡ ನಿಂತ. ಅಲ್ಲಿ ಪೇಂಟರ್ ಬರೆದ ಕಮಲವಿತ್ತು, ಅದರ ಮೇಲೆ ಪೂಜೆಯ ಅರಿಷಿಣ-ಕುಂಕುಮ ಇನ್ನೂ ಇತ್ತು.

"ಪೂಜಾ ಆದ ಗಾಡಿಗೆ ಉಳಿ ಹಚ್ಚಬ್ಯಾಡ್ರಿ. ಆ ವಾಯರ್ ಹಂಗ ಬಿಟ್ಟಬಿಡ್ರಿ."

"ಹೊಲದಾಗ ಇಳದ ಕೂಡ್ಲೆ ಹರಕೊಂಡ ಹೋಕ್ಕತಿ," ಎಂದೆ.

ನೀಲವ್ವ ಕ್ಯಾಬಿನ್‌ನಿಂದ ಇಳಿದು ಬಂದಳು. "ನಾವು ಪೂಜಾ ಮಾಡಿದ್ದು ಗಾಡಿಗೋ, ಬಣ್ಣಕ್ಕೋ? ಉಳ್ಳಾಗಡ್ಡಿ ನೆನದ ಮ್ಯಾಲ ಕಮಲಾ ನೋಡ್ಕೋತ ಕುಂಡ್ರತೀರೇನು? ಕೆರೀರಿ ಅಣ್ಣಾರ."

ತಾನೇ ಸೆರಗಿನಿಂದ ಕುಂಕುಮ ಒರೆಸಿ, ಕಣ್ಣಿಗೆ ಒತ್ತಿಕೊಂಡು, ಹಿಂದೆ ಸರಿದಳು. ಫಕ್ಕೀರಪ್ಪ ಬೋಲ್ಟ್ ಬಿಚ್ಚಲು ಪಾನಾ ಹಿಡಿದ.

ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಕೆರೆದೆ. ದಪ್ಪ ಅರ್ಥಿಂಗ್ ವಾಯರ್ ಕೂಡಿಸಿ ಬೋಲ್ಟ್ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಫಕ್ಕೀರಪ್ಪ ಸ್ವಿಚ್ ಒತ್ತಿದ. ಎಡಬದಿಯ ಹಿಂದಿನದು, ಮುಂದಿನದು ಎರಡೂ ಒಂದೇ ತಾಳದಲ್ಲಿ ಮಿಟುಕಿದವು. ಚಹಾ ಅಂಗಡಿಯಿಂದಲೇ ಮಲ್ಲಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದ. "ಸಾಕ ಬಿಡೋ ಮಾರಾಯಾ, ಚಹಾ ಕುಡಿಯಾಕ ಬಿಡವಲ್ಲಿ!"

ಮರುದಿನ ತಪಾಸಣೆಗೆ ನಾನೂ ಹೋದೆ. ಮೋಡ ಸರಿದು ಬಿಸಿಲು ನೇರ ಲಾರಿಯ ಹಿಂಭಾಗಕ್ಕೆ ಬೀಳುತ್ತಿತ್ತು, ಅಂದರೆ ದೀಪಕ್ಕೆ ಅತ್ಯಂತ ಕಠಿಣ ಪರೀಕ್ಷೆ. ಇನ್‌ಸ್ಪೆಕ್ಟರ್ ದೂರ ಹೋಗಿ ನಿಂತು ಎಡ, ಬಲ, ಬ್ರೇಕ್ ಎಂದು ಒಂದೊಂದಾಗಿ ಹಾಕಿಸಿದರು. ಹತ್ತಿರ ಬಂದು, ಕೆರೆದ ಕಮಲವನ್ನೊಮ್ಮೆ ನೋಡಿ, "ಈಗ ಪಾಸ್. ಗಾಡಿ ತಗೊಂಡ ಹೋಗ್ರಿ," ಎಂದರು. ಫಕ್ಕೀರಪ್ಪ ಕಚೇರಿಯ ಗೇಟು ದಾಟುವಾಗ ಖುಷಿಗೆ ಹಾರ್ನ್ ಹಾಕಲಿಲ್ಲ. ಬದಲಿಗೆ, ಬೇಕಿಲ್ಲದಿದ್ದರೂ ರಸ್ತೆಯುದ್ದಕ್ಕೂ ಎಡ ಸಿಗ್ನಲ್ ಹಾಕಿಕೊಂಡೇ ಹೋದ. ಮಳೆ ಬರುವ ಮೊದಲೇ ಉಳ್ಳಾಗಡ್ಡಿ ಗದಗಿನ ಮಾರುಕಟ್ಟೆ ಸೇರಿತು.

ಅಂದಿನಿಂದ ನನ್ನ ಅಂಗಡಿಗೆ ಎಲ್‌ಇಡಿ ಕೇಳಿಕೊಂಡು ಯಾವ ಲಾರಿ ಬಂದರೂ ಮೊದಲು ಹಳೆಯ ಬಲ್ಬ್ ಉರಿಯುತ್ತಿರುವಾಗಲೇ ಅರ್ಥಿಂಗ್ ಪರೀಕ್ಷಿಸುತ್ತೇನೆ. ದೀಪ ಮಂದವಾಗಿದ್ದರೆ ಬಲ್ಬ್ ಹಳೆಯದಾಗಿದೆ ಎಂದಷ್ಟೇ ಈಗ ಅಂದುಕೊಳ್ಳುವುದಿಲ್ಲ.

ಲಕ್ಷ್ಮೇಶ್ವರದ ಪೇಂಟರ್ ಈಗ ಖಂಡೆ ಪೂಜೆಯ ಬಣ್ಣ ಬಳಿಯುವ ಮೊದಲು ದೀಪದ ಬೋಲ್ಟಿನ ಸುತ್ತ ಟೇಪ್ ಅಂಟಿಸುತ್ತಾನೆ. ಫಕ್ಕೀರಪ್ಪನ ಲಾರಿಯ ಕಮಲವನ್ನು ಒಂದು ಗೇಣು ಮೇಲೆ ಬರೆದಿದ್ದಾನೆ.