ಒಡೆದ ರೊಟ್ಟಿಯ ಒಗ್ಗರಣೆ

ಹಲ್ಲು ಬರುತ್ತಿರುವ ಮಗಳು, ಬಾಯಿಗಿಟ್ಟ ತುತ್ತನ್ನೆಲ್ಲ ಉಗುಳುತ್ತಿದ್ದಳು. ಚಿಂತೆಗೆ ನನಗೆ ನಿದ್ದೆಯೇ ಇಲ್ಲ. ಬೆಳಿಗ್ಗೆ ತಂಗಳ ರೊಟ್ಟಿಗೆ ಒಗ್ಗರಣೆ ಹಾಕಿದೆ. ಬೆಳ್ಳುಳ್ಳಿಯ ಘಮ ಎದ್ದದ್ದೇ, ಅಜ್ಜಿಯ ಊರು ದಂಡೋತಿಯಲ್ಲಿ ಅವಳ ಒಲೆ ಮುಂದೆ ಕುಳಿತಂತಾಯಿತು.

ಚಿಕ್ಕವಳಿದ್ದಾಗ ಅಲ್ಲಿ ನಾನು ಬಡಿದ ಮೊದಲ ರೊಟ್ಟಿ ಹಂಚಿನ ಮೇಲೆ ಹೋಳಾಗಿತ್ತು.

"ಶಹಾಬಾದ ಫರ್ಸಿ ಕಲ್ಲು ಒಡದಂಗ ಆಗ್ಯಾದಲ್ಲ!" ಸೋದರಮಾವ ನಕ್ಕ. ನನಗೆ ಅಳುವೇ ಬಂತು.

ಅಜ್ಜಿ ಆ ರೊಟ್ಟಿಯನ್ನು ಪುಡಿ ಮಾಡಿ, ಮಜ್ಜಿಗೆ ಚಿಮುಕಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಳು. ಮಾವ ತಿಂದು ಮತ್ತೆ ತಾಟು ಒಡ್ಡಿದ.

"ಫರ್ಸಿ ಭಾಳ ರುಚಿ ಅದ ಏನಪಾ? ಮಾಡಿದಾಕಿನ್ನ ಕೇಳಿ ಹಾಕಿಸ್ಕೋ," ಎಂದಳು ಅಜ್ಜಿ.

ಇಂದು ಮೆಣಸಿನಕಾಯಿ ಬಿಟ್ಟು, ಮಜ್ಜಿಗೆ ಹೆಚ್ಚು ಹಾಕಿ, ಮೆತ್ತಗೆ ಕಿವುಚಿ ಮಗಳ ಬಾಯಿಗಿಟ್ಟೆ. ನುಂಗಿದಳು! ಮರುಕ್ಷಣ ತಾಟಿಗೇ ಕೈ ಹಾಕಿದಳು.

"ಮಾಡಿದಾಕಿನ್ನ ಕೇಳಿ ತಗೋಬೇಕವ್ವಾ," ಎಂದೆ, ಇಡೀ ತಾಟನ್ನೇ ಅವಳ ಮುಂದೆ ಸರಿಸುತ್ತ.