ಮೊಲದ ಬಾಣಂತನ

ಮೊಲದಷ್ಟು ಕೆಲಸಕ್ಕೆ ಬಾರದ ಪ್ರಾಣಿಯನ್ನು ನಾನು ಕಂಡಿಲ್ಲ. ನಾಯಿ ಮನೆ ಕಾಯುತ್ತದೆ, ಬೆಕ್ಕು ಇಲಿ ಹಿಡಿಯುತ್ತದೆ, ಆಡು ಹಾಲು ಕೊಡುತ್ತದೆ. ಮೊಲ ಮೂಗು ಅಲುಗಿಸುತ್ತದೆ. ಅದೊಂದೇ ಅದರ ಉದ್ಯೋಗ. ನಾನು ಹುಟ್ಟಿ ಬೆಳೆದದ್ದು ಮೂಡಲಗಿಯಲ್ಲಿ. ಅಲ್ಲಿ ಮೊಲವೆಂದರೆ ಕಬ್ಬು ಕಡಿಯುವಾಗ ಸೋಗೆಯೊಳಗಿಂದ ಜಿಗಿದು ಓಡುವಂಥದ್ದು. ಅದರ ಹಿಂದೆ ನಾಯಿ, ನಾಯಿಯ ಹಿಂದೆ ಕೆಲಸಗೇಡಿ ಗಂಡಸರು. ಅದನ್ನು ಮನೆಯೊಳಗೆ ಕೂರಿಸಿ ಮಾತಾಡಿಸಿದವರನ್ನು ನಾನು ನೋಡಿರಲಿಲ್ಲ.

ಆ ಬುದ್ಧಿ ಬಂದದ್ದು ನನ್ನ ನಾದಿನಿಗೆ. ನನ್ನ ಗಂಡನ ತಂಗಿ ಅವಳು. ನನ್ನ ಗಂಡ ಸತ್ತ, ಅವಳ ಗಂಡನೂ ಸತ್ತ. ನನ್ನ ಮೂವರು ಹೆಣ್ಣುಮಕ್ಕಳು ಅವರವರ ಮನೆ ಸೇರಿದ್ದಾರೆ, ಅವಳು ಹೆರಲೇ ಇಲ್ಲ. ಗೋಕಾಕದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಇದ್ದೇವೆ. ಅವಳಿಗೆ ಸಕ್ಕರೆ ಕಾಯಿಲೆ, ಕೈಬೆರಳು ಸೊಟ್ಟ. ದುಡಿಯುವವಳು ನಾನು. ಕರದಂಟಿನ ಅಂಗಡಿಗೆ ಒಣಕೊಬ್ಬರಿ ಹೆಚ್ಚಿ ಕೊಡುತ್ತೇನೆ, ಉತ್ತತ್ತಿಯ ಬೀಜ ತೆಗೆದು ಕೊಡುತ್ತೇನೆ.

ಹುಕ್ಕೇರಿಯಲ್ಲಿ ಅವಳ ಮೈದುನನೊಬ್ಬನಿದ್ದಾನೆ. ಮೊಲ ಸಾಕಿದರೆ ಮೂರು ವರ್ಷದಲ್ಲಿ ಕಾರು ತರಬಹುದು ಎಂದು ಯಾರೋ ಹೇಳಿದರು, ಇವನು ಶೆಡ್ ಹೊಡೆಸಿದ. ಮೊಲಗಳು ಸತ್ತವು, ಕಾರು ಬರಲಿಲ್ಲ. ಮದುವೆಗೆಂದು ಹೋದ ನಾದಿನಿಯ ಕೈಗೆ ಉಳಿದದ್ದೊಂದನ್ನು ದಾನ ಮಾಡುವವನ ಹಾಗೆ ಹಾಕಿ ಕಳಿಸಿದ. ಉಡಿಯೊಳಗೆ ಬಿಳಿ ಮೊಲ ಇಟ್ಟುಕೊಂಡು ಅವಳು ಬಾಗಿಲಲ್ಲಿ ನಿಂತದ್ದನ್ನು ನೋಡಿ ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಮಾತಾಡಿದರೆ ಜಗಳವಾಗುತ್ತಿತ್ತು.

ಒಂದು ವರ್ಷ ಅದು ಕಾಲುವೆ ದಂಡೆಯ ಕರಿಕೆ ಹುಲ್ಲು ತಿಂದುಕೊಂಡು, ನನ್ನ ಒಂದು ಸೀರೆಯ ಸೆರಗು ತಿಂದುಕೊಂಡು ಬದುಕಿತ್ತು. ಆಮೇಲೆ ಒಂದು ಬೆಳಿಗ್ಗೆ ತನ್ನ ಎದೆಯ ಕೂದಲನ್ನು ತಾನೇ ಕಿತ್ತುಕೊಳ್ಳತೊಡಗಿತು. ಹುಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ ಒಯ್ದು ಕೂದಲು ಸೇರಿಸಿ ಹಾಸಿಗೆ ಮಾಡಿತು. ನಾದಿನಿ ಓಡಿಹೋಗಿ ಎದುರು ಮನೆಯಾಕೆಯನ್ನು ಕರೆತಂದಳು. ಆಕೆಯ ಮಗಳು ಆಗ ಹೆರಿಗೆಗೆ ತವರಿಗೆ ಬಂದಿದ್ದಳು, ಕೂಸಿಗೆ ಒಂದು ತಿಂಗಳು. ಹಾಗಾಗಿ ಓಣಿಯಲ್ಲಿ ಬಸಿರು ಬಾಣಂತನಕ್ಕೆಲ್ಲ ಆಕೆಯೇ ದೊಡ್ಡವಳು.

“ಅಕ್ಕಾ, ಇದು ಇವತ್ತ ನಾಳಿ ಐತಿ” ಎಂದಳು ಆಕೆ, ನೋಡಿದ್ದೇ ತಡ.

“ಏನ್ ಇವತ್ತ ನಾಳಿ? ಗಂಡ ಮೊಲ ಎಲ್ಲೈತಿ?” ಎಂದೆ ನಾನು.

“ಬರೂ ಮುಂದನ ಆಗಿದ್ದೀತು ವೈನಿ” ಎಂದಳು ನಾದಿನಿ.

“ಬಂದು ಒಂದ್ ವರ್ಷಾತು. ಆನಿ ಹಡೀತೈತೇನು?”

ನನ್ನ ಮಾತು ಯಾರಿಗೆ ಬೇಕು? ಮರಿ ಹುಟ್ಟಲಿಲ್ಲ. ಹುಟ್ಟಿದ್ದನ್ನು ತಾಯಿಯೇ ತಿಂದಿರಬೇಕು ಎಂದು ಇಬ್ಬರೂ ತೀರ್ಮಾನ ಮಾಡಿ, ಹೆತ್ತ ಮೈ ಹಸಿಯಾಗಿರುತ್ತದೆ ಎಂದು ಬಾಣಂತನ ಶುರು ಮಾಡಿದರು. ನಮ್ಮ ಕಡೆ ಬಾಣಂತಿಗೆ ಹಸಿರು ಸೊಪ್ಪು ಕೊಡುವುದಿಲ್ಲ, ತಣ್ಣೀರು ಕೊಡುವುದಿಲ್ಲ, ಗಾಳಿ ತಾಗಬಾರದೆಂದು ಕಿವಿ ಮುಚ್ಚಿ ಅರಿವೆ ಕಟ್ಟುತ್ತಾರೆ, ಬೆಂಕಿ ಕಾಯಿಸುತ್ತಾರೆ, ಅಂಟಿನ ಉಂಡೆ ತಿನ್ನಿಸುತ್ತಾರೆ. ಅದೆಲ್ಲವೂ ಮೊಲಕ್ಕೆ ಆಯಿತು. ಹುಲ್ಲು ಬಂದ್. ನೀರಿನ ಬಟ್ಟಲು ತೆಗೆದಿಟ್ಟು ಕಾಸಿದ ನೀರನ್ನು ಚಮಚದಲ್ಲಿ ಎರಡು ಗುಟುಕು. ಬದಿಯಲ್ಲಿ ಕೆಂಡದ ಅಗ್ಗಿಷ್ಟಿಗೆ, ಎದುರು ಮನೆಯಿಂದ ತಂದ ಲೋಬಾನದ ಹೊಗೆ. ಎರಡೂ ಉದ್ದ ಕಿವಿಗಳನ್ನು ಕೂಡಿಸಿ ನನ್ನ ಹಳೆಯ ಕುಪ್ಪಸದ ತುಂಡು ಸುತ್ತಿದರು. ಅದು ಮದುವೆ ಮನೆಯ ಮುದುಕನ ಹಾಗೆ ರುಮಾಲು ಕಟ್ಟಿಸಿಕೊಂಡು ಕೂತಿತ್ತು.

ತಿನ್ನಿಸಲು ಅಂಟೂ ಮನೆಯಲ್ಲಿತ್ತು, ಅದೇ ಗ್ರಹಚಾರ. ಮಳೆಗಾಲ, ಅಂಗಡಿಗೆ ಗಿರಾಕಿ ಇಲ್ಲ. ಪಗಾರ ಕೇಳಿದರೆ ಸಾಹುಕಾರ “ಮುಂದಿನ ವಾರ ನೋಡೂಣ” ಎಂದು ಕರದಂಟಿನ ಚೂರು ಕಟ್ಟಿಕೊಡುತ್ತಿದ್ದ. ಮನೆಯಲ್ಲಿ ತೊಗರಿಬೇಳೆ ಇರಲಿಲ್ಲ, ಡಬ್ಬಿ ತುಂಬ ಅಂಟು, ಬೆಲ್ಲ, ಕೊಬ್ಬರಿ. ಮೊಲ ಅದನ್ನು ಮುಕ್ಕಿತು. ಸಿಹಿ ಎಂದರೆ ಅದಕ್ಕೂ ನಾಲಗೆ ಉದ್ದ. ನಾದಿನಿಗೆ ಸಿಹಿ ಮುಟ್ಟುವಂತಿಲ್ಲ, ಮೊಲ ತಿನ್ನುವುದನ್ನು ನೋಡಿಯೇ ತಾನು ಚಪ್ಪರಿಸುತ್ತಿದ್ದಳು.

ನಾಲ್ಕೈದು ದಿನ ಕಳೆಯುವುದರೊಳಗೆ ಮೊಲ ಬಾಯಿ ಮುಚ್ಚಿತು. ಬೆನ್ನು ಗೂನು ಮಾಡಿಕೊಂಡು ಹಲ್ಲು ಕಡಿಯುತ್ತ ಕೂತಿತು. ಹಿಕ್ಕೆ ನಿಂತಿತು. ಹೊಟ್ಟೆ ಮುಟ್ಟಿದರೆ ಗಾಳಿ ತುಂಬಿದ ಚೆಂಡು. ನಾದಿನಿ ಅದರ ಮುಂದೆ ಕೂತು ತಾನೂ ಊಟ ಬಿಟ್ಟಳು. ಅದು ತಿನ್ನುವ ತನಕ ತಾನು ತಿನ್ನುವುದಿಲ್ಲವಂತೆ.

ನನಗೆ ಭಯವಾದದ್ದು ಆಗ. ಮೊಲ ಸತ್ತರೆ ಗುಂಡಿ ತೋಡಿದರೆ ಮುಗಿಯಿತು. ಸಕ್ಕರೆ ಕಾಯಿಲೆಯ ಈ ಹೆಂಗಸು ಗುಳಿಗೆ ನುಂಗಿ ಉಪವಾಸ ಕೂತು ಬಿದ್ದರೆ? ಒಮ್ಮೆ ಹಾಗೆ ಬಿದ್ದಿದ್ದಳು. ಘಟಪ್ರಭಾದ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ, ನಾನು ಕಿವಿಯ ಬೆಂಡೋಲೆ ಬಿಚ್ಚಿಕೊಟ್ಟು ಕರೆತಂದಿದ್ದೆ. ಈಗ ಬಿಚ್ಚಲು ಕಿವಿಯಲ್ಲಿ ತೂತು ಬಿಟ್ಟರೆ ಏನೂ ಇಲ್ಲ. ಮೊಲವನ್ನು ಉಳಿಸುವುದೇ ಅಗ್ಗ.

ಮೂಡಲಗಿಯ ತಮ್ಮನಿಗೆ ಫೋನು ಮಾಡಿದೆ.

“ಮೊಲಕ್ಕ ಔಷಧಕ್ಕ ರೊಕ್ಕ ಕೇಳ್ತೀಯಲ್ಲ, ತಲಿ ಕೆಟ್ಟೈತೇನ ಅಕ್ಕಾ? ಬೇಕಾದ್ರ ಸಂತ್ಯಾಗ ಎರಡ ಮೊಲಾ ಹಿಡದ ತಂದ ಕೊಡ್ತೇನಿ.”

“ಎರಡ ಯಾಕೋ? ಒಂದರ ಸಲುವಾಗಿನ ನಿಮ್ಮ ಮಾವನ ತಂಗಿ ಉಪವಾಸ ಬಿದ್ದಾಳ.”

“ಹಲೋ, ಹಲೋ, ಕೇಳಸವಲ್ದು” ಎಂದು ಇಟ್ಟ. ಕೊಡುವ ಮಾತು ಬಂದಾಗಲೆಲ್ಲ ನನ್ನ ತಮ್ಮನ ಫೋನಿಗೆ ಕಿವುಡು ಬರುತ್ತದೆ.

ಕೊಟ್ಟವನಿಗೆ ಇದರ ರೋಗ ಗೊತ್ತಿರುತ್ತದೆ, ಹುಕ್ಕೇರಿಗೆ ಹೋಗೋಣ ಎಂದಳು ನಾದಿನಿ. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ಹೋದೆವು. ಧುಪದಾಳ ದಾಟುವ ಮೊದಲೇ ಕಂಡಕ್ಟರ್ ಬಂದ.

“ಆಯಿ, ಬುಟ್ಟ್ಯಾಗ ಏನೈತ್ರಿ?”

“ಮೊಲ.”

“ಅದಕ್ಕ ಟಿಕೇಟ್ ತಗೀರಿ.”

“ನನಗ ಇಲ್ಲದ ಟಿಕೇಟ ಇದಕ್ಯಾಕೋ ತಮ್ಮಾ?”

“ನಿಮ್ಮ ಕಡೆ ಆಧಾರ ಕಾರ್ಡ್ ಐತಿ. ಇದಕ್ಕ ಐತೇನ್ರಿ?”

ಹಿಂದಿನ ಸೀಟಿನವನೊಬ್ಬ, “ಹೆಣ್ಣೋ ಗಂಡೋ ಕೇಳೋ ಮಾರಾಯಾ, ಹೆಣ್ಣಾದ್ರ ಫ್ರೀ ಬಿಡು” ಎಂದ. ಸುಮ್ಮನಿರಬೇಕಿದ್ದ ನಾದಿನಿ ಕಣ್ಣೀರು ಹಾಕುತ್ತ, “ಹೆಣ್ಣರೀ ಅದು, ಬಾಣಂತಿ ಐತಿ!” ಎಂದುಬಿಟ್ಟಳು. ಹುಕ್ಕೇರಿ ಬರುವ ತನಕ ಆ ಬಸ್ಸು ನಕ್ಕಿತು. ಚಹಾಕ್ಕೆಂದು ಗಂಟಿನಲ್ಲಿಟ್ಟದ್ದು ಮೊಲದ ಟಿಕೇಟಿಗೆ ಹೋಯಿತು.

ಮೈದುನ ಶೆಡ್ಡಿನಲ್ಲಿ ಈಗ ಉಳ್ಳಾಗಡ್ಡಿ ಹರವಿದ್ದ. ಬುಟ್ಟಿಯೊಳಗೆ ಬಗ್ಗಿ ನೋಡಿ, “ನನ್ನೂವೂ ಹಿಂಗ ಕುಂತು ಕುಂತು ಹ್ವಾದವು ವೈನಿ. ಇದೇನ ಉಳಿಯೂದಿಲ್ಲ” ಎಂದ, ಮಳೆ ಬರುತ್ತದೆ ಎಂದು ಹೇಳುವವನ ಹಾಗೆ.

“ಯಾತಕ್ಕ ಹ್ವಾದವು?” ಎಂದು ನಾನು ಕೇಳಿದೆ.

“ಯಾರಿಗ್ಗೊತ್ತರಿ? ಅವುಗಳ ಋಣ.”

ನೂರು ಮೊಲ ಸಾಯಿಸಿದವನು ಒಂದರ ಕಾರಣವನ್ನೂ ಕೇಳಿಕೊಂಡಿರಲಿಲ್ಲ. ಚಹಾ ಕುಡಿದು ಹೋಗಿರೆಂದು ಹೆಂಡತಿಯನ್ನು ಕೂಗಿದ. ನಿನ್ನ ಚಹಾ ನೀನೇ ಕುಡಿ ಎಂದು ನಾದಿನಿಯ ರಟ್ಟೆ ಹಿಡಿದು ದನದ ದವಾಖಾನೆಗೆ ಎಳೆದುಕೊಂಡು ಹೋದೆ.

ಅಲ್ಲಿ ಡಾಕ್ಟರು ಒಬ್ಬ ಹುಡುಗಿ. ಎಮ್ಮೆಯೊಂದರ ಕಾಲು ನೋಡಿ ಮುಗಿಸಿ, ಕೈ ತೊಳೆದು ಬಂದು ಬುಟ್ಟಿಯ ಮೇಲಿನ ಅರಿವೆ ತೆಗೆದಳು. ಮೊಲದ ತಲೆಯ ರುಮಾಲು ನೋಡಿದಳು, ನಮ್ಮ ಮುಖ ನೋಡಿದಳು. ನಗಲಿಲ್ಲ, ಅದು ಅವಳ ದೊಡ್ಡತನ.

“ಏನ ತಿನಿಸೀರಿ ಆಯಿ?”

ನಾದಿನಿ ನೆಲ ನೋಡಿದಳು. ನಾನು ಒಂದೂ ಬಿಡದೆ ಎಲ್ಲ ಹೇಳಿದೆ. ಅಂಟು, ಬೆಲ್ಲ, ಕೊಬ್ಬರಿ, ಕೆಂಡ, ಹೊಗೆ.

“ಇದು ಹಡದಿಲ್ಲರಿ. ಬಸರಾಗಿದ್ದ ಇಲ್ಲ. ಹೆಣ್ಣ ಮೊಲ ಒಮ್ಮೊಮ್ಮೆ ಸುಳ್ಳ ಬಸರ ತಿಳ್ಕೊಂಡು ಕೂದಲ ಕಿತ್ತು ಗೂಡ ಮಾಡ್ತಾವು, ನಾಕ ದಿನಕ್ಕ ತಾವ ಬಿಡ್ತಾವು. ಹುಲ್ಲು ನೀರು ಬಂದ್ ಮಾಡಿ ಬೆಲ್ಲ ಕೊಟ್ರಲ್ಲ, ಅದಕ್ಕ ಕರುಳ ನಿಂತೈತಿ.”

ನೋವಿಗೆಂದು ಒಂದು ಸೂಜಿ ಹಾಕಿದಳು. ಸಣ್ಣ ಕೂಸಿಗೆ ಕೊಡುವ ಗ್ಯಾಸಿನ ಹನಿ ಸಿಕ್ಕರೆ ಎಷ್ಟು ಕೊಡಬೇಕೆಂದು ಹೇಳಿ, ಸೂಜಿ ಇಲ್ಲದ ಸಿರಿಂಜು ಕೈಗಿಟ್ಟಳು. ಹುಲ್ಲು ಮುಂದಿಡಿ, ನೀರು ಕುಡಿಸಿ, ಹೊಟ್ಟೆಯನ್ನು ಮೆಲ್ಲಗೆ ತಿಕ್ಕಿ ಎಂದಳು. ಕಿವಿಯ ಅರಿವೆಯನ್ನು ತಾನೇ ಬಿಚ್ಚಿದಳು.

“ನಾಳಿ ಸಂಜಿಯೊಳಗ ಹಿಕ್ಕಿ ಹಾಕಿದ್ರ ಉಳೀತೈತಿ. ಹಾಕ್ಲಿಲ್ಲಂದ್ರ ಕಷ್ಟ ಐತ್ರಿ.”

ತಿರುಗಿ ಬರುವಾಗ ಮೊಲವನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದೆ. ಯಾರೂ ಕೇಳಲಿಲ್ಲ. ಕೇಳಿದ್ದರೆ ಹೊಟ್ಟೆನೋವು ಎನ್ನುತ್ತಿದ್ದೆ, ಅದು ಸುಳ್ಳೂ ಅಲ್ಲ.

ಗ್ಯಾಸಿನ ಹನಿ ಎದುರು ಮನೆಯಲ್ಲೇ ಇತ್ತು, ಕೂಸಿಗೆಂದು ತಂದದ್ದು. ಕೇಳಲು ಹೋದೆ. ಆಕೆ ಬಾಟಲಿ ಹಿಡಿದುಕೊಂಡೇ ಮಾತಾಡಿದಳು.

“ಡಾಕ್ಟರ ಹೇಳ್ತಾರ ಅಂತ ಹಸಿ ಹುಲ್ಲ ಹಾಕ್ತೀ ಏನ ಅಕ್ಕಾ? ಥಂಡಿ ಆಗಿ ಸಾಯ್ತೈತಿ ನೋಡ. ಪಾಪ ನಿನಗ ಹತ್ತತೈತಿ.”

“ನಿನ್ನ ಬೆಂಕಿಗಿ ಕುಂದ್ರಿಸಿದ್ದಕ್ಕ ಸಾಯಾಕ ಬಂದೈತಿ. ಬಾಟ್ಲಿ ಕೊಡ್ತೀಯೋ, ಓಣಿ ತುಂಬ ಹೇಳ್ಕೊಂತ ಬರ್ಲೋ, ಹಡೀಲಾರದ ಮೊಲಕ್ಕ ಬಾಣಂತನ ಮಾಡ್ಯಾಳ ಅಂತ?”

ಬಾಟಲಿ ಕೊಟ್ಟಳು. ಕೊಡುವಾಗ ಹನಿ ಎಣಿಸಿಕೊಳ್ಳುವವಳ ಹಾಗೆ ಬೆಳಕಿಗೆ ಹಿಡಿದು ನೋಡಿದಳು.

ಮನೆಗೆ ಬಂದು ಅಗ್ಗಿಷ್ಟಿಗೆಯನ್ನು ಹೊರಗೆ ಸುರಿದೆ. ಅಂಟಿನ ಡಬ್ಬಿಯನ್ನು ಮೇಲಿನ ಹಲಗೆಯ ಮೇಲಿಟ್ಟೆ. ಸಂತೆಯಲ್ಲಿ ಕೊತ್ತಂಬರಿ ಮಾರುವವರು ಬಿಟ್ಟುಹೋದ ದಂಟು ಆಯ್ದು ತಂದೆ, ಕಾಲುವೆ ದಂಡೆಯ ಕರಿಕೆ ಕಿತ್ತು ತಂದೆ. ಮೊಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹನಿ ಹಾಕಿದೆ, ಸಿರಿಂಜಿನಿಂದ ನೀರು ಬಿಟ್ಟೆ, ಹೊಟ್ಟೆ ತಿಕ್ಕಿದೆ. ಅದು ನನ್ನ ಬೆರಳು ಕಚ್ಚಿತು. ಮೂರು ಕೂಸುಗಳ ಹೊಟ್ಟೆ ತಿಕ್ಕಿದ ಕೈ ಇದು, ಒಂದೂ ಹೀಗೆ ಕಚ್ಚಿರಲಿಲ್ಲ. ನಾದಿನಿ ಗೋಡೆಗೆ ಒರಗಿ ನೋಡುತ್ತಿದ್ದಳು.

“ಉಣ್ಣು” ಎಂದೆ.

“ಅದು ತಿನ್ನಲಿ ವೈನಿ.”

“ಸುಳ್ಳ ಬಸರಿಗೆ ಇಷ್ಟೆಲ್ಲಾ ಮಾಡೀದಿ. ನಿನಗ ತಿಳೀಲಿಲ್ಲೇನು?”

ಅವಳು ಹತ್ತಿರ ಸರಿದು ಮೊಲದ ಕಿವಿ ಸವರಿದಳು. ಆಮೇಲೆ, “ತಿಳೀತಿತ್ತು. ಆದ್ರೂ ನನ್ನ ಕೈಯಾಗೂ ಒಂದ್ ಬಾಣಂತನ ಆಗ್ಲಿ ಅಂದ್ನಿ” ಎಂದಳು.

ಬಾಣಂತನ ಮಾಡಿದವರಿಗೆ ಗೊತ್ತು ಅದರ ಸುಖ. ನಿದ್ದೆ ಇಲ್ಲ, ಸೊಂಟ ಇಲ್ಲ, ಕೊನೆಗೆ ಸಾರು ಸಪ್ಪೆ ಎಂಬ ದೂರು. ಇವಳಿಗೆ ಅದು ಸಿಗಲಿಲ್ಲವೆಂಬ ಕೊರಗು ಬೇರೆ. ಸಿರಿಂಜನ್ನು ಅವಳ ಸೊಟ್ಟ ಬೆರಳಿಗೆ ಕೊಟ್ಟು, “ಹಿಡಿ, ನೀನ ಕುಡಿಸು, ನನ್ನ ಕೈ ನೋವಾತು” ಎಂದೆ. ಎರಡೂ ಕೈಯಲ್ಲಿ ಹಿಡಿದಳು. ಅರ್ಧ ನೀರು ಮೊಲದ ಬಾಯಿಗೆ, ಅರ್ಧ ನನ್ನ ಸೀರೆಗೆ.

ಮಾರನೆಯ ದಿನ ಮಧ್ಯಾಹ್ನ ನಾನು ಅಂಗಡಿಯಿಂದ ಬಂದಾಗ ನಾದಿನಿ ಹೊಸ್ತಿಲಲ್ಲೇ ನಿಂತಿದ್ದಳು, ಅಂಗೈ ಮುಂದೆ ಚಾಚಿಕೊಂಡು. ಅಂಗೈಯಲ್ಲಿ ನಾಲ್ಕು ಹಿಕ್ಕೆ, ಮೆಣಸಿನ ಕಾಳಿನಷ್ಟು ಸಣ್ಣವು, ಒಂದಕ್ಕೊಂದು ಕೂದಲಿನಿಂದ ಪೋಣಿಸಿದ ಹಾಗೆ. ದೇವರ ಪ್ರಸಾದ ತೋರಿಸುವವಳಂತೆ ತೋರಿಸಿದಳು. ಆಗಲೇ ಎದುರು ಮನೆಯಾಕೆಗೂ ತೋರಿಸಿ ಆಗಿತ್ತು.

“ನಮ್ಮ ಲೋಬಾನ ತಡದ್ ಕೆಲಸ ಮಾಡ್ತೈತಿ ಅಕ್ಕಾ” ಎಂದಳು ಆಕೆ ತನ್ನ ಕಟ್ಟೆಯಿಂದ.

ನಾನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ಆ ಹೆಂಗಸಿಗೆ ಉತ್ತರ ಕೊಟ್ಟು ಉಸಿರು ಕಳೆದುಕೊಳ್ಳುವ ವಯಸ್ಸಲ್ಲ ನನ್ನದು. ಒಳಗೆ ಮೊಲ ಕೊತ್ತಂಬರಿಯ ದಂಟನ್ನು ಎಳೆದೆಳೆದು ತಿನ್ನುತ್ತಿತ್ತು. ನನ್ನನ್ನು ಕಂಡದ್ದೇ ಹಿಂಗಾಲಿನಿಂದ ನೆಲ ಕುಟ್ಟಿ, ಬೆನ್ನು ತಿರುಗಿಸಿ ಕೂತಿತು.

“ನಿಮ್ಮ ಮ್ಯಾಲ ಸಿಟ್ಟ ಮಾಡೈತಿ” ಎಂದಳು ನಾದಿನಿ, ನಗುತ್ತ.

“ಮಾಡ್ಲಿ. ನೀ ಮೊದಲ ಕೈ ತೊಳಕೊ, ಉಣ್ಣು.”

ಕೈ ತೊಳೆದು ಬಂದು ಕೂತಳು. ಎರಡು ದಿನದ ಹಸಿವು, ನಿನ್ನೆಯ ಒಣರೊಟ್ಟಿ, ಮೇಲೆ ಒಂದಿಷ್ಟು ಶೇಂಗಾ ಚಟ್ನಿ. ಎರಡನೆಯ ರೊಟ್ಟಿ ಮುರಿಯುತ್ತ, ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದಳು.