ಅಂಗಡಿಯಲ್ಲೇ ಮಲಗಿದೆವು

ಮಲಗುವ ಗಾದಿ ಕೊಳ್ಳುವಾಗ ನಾವು ಒಮ್ಮೆ ಮೋಸ ಹೋಗಿದ್ದೇವೆ. ಬಟ್ಟೆಯ ವಿಷಯ ಗೊತ್ತಿಲ್ಲದೆ ಅಲ್ಲ, ಅತಿಯಾಗಿ ಗೊತ್ತಿದ್ದರಿಂದ. ಬನಹಟ್ಟಿಯ ನೇಕಾರರ ಮನೆ ನಮ್ಮದು. ಅಪ್ಪನ ಕೈಗೆ ಯಾವ ಬಟ್ಟೆ ಕೊಟ್ಟರೂ ಎರಡು ಬೆರಳ ನಡುವೆ ತಿಕ್ಕಿ, ಹಾಸು ಯಾವ ನೂಲು, ಹೊಕ್ಕು ಯಾವ ನೂಲು ಎಂದು ಹೇಳಿಬಿಡುತ್ತಾನೆ. ಮೂರು ವರ್ಷದ ಹಿಂದೆ ಗಾದಿಯನ್ನೂ ಹಾಗೆಯೇ ಆರಿಸಿದ. ಹೊದಿಕೆ ತಿಕ್ಕಿದ, ಅಂಚಿನ ಹೊಲಿಗೆ ಎಳೆದು ನೋಡಿದ, "ಏನ್ ನೇಯ್ಗಿ ರೀ!" ಎಂದು ಆಟೋಗೆ ಹಾಕಿಸಿದ.

ಆ ಹೊದಿಕೆ ಇವತ್ತಿಗೂ ಹೊಸದರಂತಿದೆ. ಒಳಗಿನ ಫೋಮು ಮಾತ್ರ ಎರಡನೇ ವರ್ಷಕ್ಕೇ ನಡುವೆ ತಗ್ಗು ಬಿತ್ತು. ಆ ತಗ್ಗಿನಲ್ಲಿ ಮಲಗಿದ ಅವ್ವ ಬೆಳಿಗ್ಗೆ ಗೋಡೆ ಹಿಡಿದು ಏಳತೊಡಗಿದಳು. ದಿನವಿಡೀ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳ ಸೊಂಟ ಅದು. ಕಡೆಗೆ ನೆಲದ ಮೇಲೆ ಕೌದಿ ಹಾಸಿಕೊಂಡಳು. ನೆಲದಿಂದ ಏಳುವುದಕ್ಕೆ ಗೋಡೆ ಸಾಲದೆ ನನ್ನ ಕೈಯೂ ಬೇಕಾಯಿತು.

"ಈ ಸಲ ಗಾದಿ ನಾ ಆರಸ್ತೇನಿ," ಎಂದೆ.

"ಭಾಷಣಾ ಮಾಡಿ ಕಪ್ ತಂದಂಗಲ್ಲ ಬೇ ಇದು," ಎಂದ ಅಪ್ಪ. ಮುಧೋಳದ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಕಪ್ಪು ನಮ್ಮ ಟೀವಿಯ ಪಕ್ಕದಲ್ಲಿದೆ. ಮನೆಯಲ್ಲಿ ನನ್ನ ಬಾಯಿ ಮುಚ್ಚಿಸಲು ಎಲ್ಲರೂ ಅದನ್ನೇ ಬಳಸುತ್ತಾರೆ.

ಮೂವರೂ ಜಮಖಂಡಿಯ ಒಂದು ಅಂಗಡಿಗೆ ಹೋದೆವು. ಅವ್ವ ಸೊಂಟ ಹಿಡಿದು ನಡೆಯುವುದನ್ನು ಕಂಡ ಮಾಲೀಕರು ನಮ್ಮನ್ನು ನೇರವಾಗಿ ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ದುಬಾರಿ ಗಾದಿಯ ಹತ್ತಿರ ಕರೆದೊಯ್ದರು.

"ಅಕ್ಕಾರ ಸೊಂಟದ ತ್ರಾಸಿಗಿ ಇದ ಬೇಕ ನೋಡ್ರಿ. ಡಾಕ್ಟರ್ ಹೇಳಿದ ಗಾದಿ."

"ಯಾವ ಡಾಕ್ಟರ್ ರೀ?"

"ಎಲ್ಲಾ ಡಾಕ್ಟರೂ ಹೇಳ್ತಾರ, ತಂಗಿ."

"ಅವ್ರ್ಯಾರೂ ನಮ್ಮವ್ವನ ಸೊಂಟಾ ನೋಡೇ ಇಲ್ಲಲ್ರಿ?"

ಅವರು ನಕ್ಕರು. "ಇವತ್ತ ಅರ್ಧಾ ರೇಟಿಗಿ ಐತಿ."

"ಪೂರಾ ರೇಟಿಗಿ ಇದನ್ನ ಯಾರರ ಒಯ್ದಾರೇನ್ರಿ?"

ಅವರು ಹೋಗಿ ಫ್ಯಾನಿನ ವೇಗ ಹೆಚ್ಚಿಸಿ ಬಂದರು.

ಗ್ಯಾರಂಟಿ ಕಾರ್ಡಿನ ಹಿಂಬದಿಯ ಸಣ್ಣಕ್ಷರ ಓದಿದೆ. ತಗ್ಗು ಇಂತಿಷ್ಟು ಆಳ ಬಿದ್ದರೆ ಮಾತ್ರ ಬದಲಿ ಕೊಡುತ್ತಾರಂತೆ. ನಮ್ಮ ಮನೆಯ ತಗ್ಗು ಅಷ್ಟು ಆಳವಿಲ್ಲ. ಅವ್ವನ ಸೊಂಟ ಕೆಡಿಸಲು ಸಾಕಾಗುವಷ್ಟಿದೆ. ಹೊದಿಕೆಯ ಜಿಪ್ ತೆಗೆಸಿದೆ. ಮೇಲೆ ಎರಡು ಬೆರಳಷ್ಟು ಒಳ್ಳೆಯ ಪದರ, ಅದರ ಕೆಳಗೆ ನಮ್ಮ ಮನೆಯಲ್ಲಿದ್ದಂಥದೇ ಫೋಮು. ಅಷ್ಟರಲ್ಲಿ ಅಪ್ಪ ಆಗಲೇ ಹೊದಿಕೆ ತಿಕ್ಕುತ್ತಿದ್ದ.

"ಅಪ್ಪಾ, ಅದನ್ನ ಬಿಡು. ಅರಿವಿ ನಾವ ನೇಯ್ತೀವಿ. ಅದನ್ನ ಕೊಳ್ಳಾಕ ಇಲ್ಲಿತನಕಾ ಬರ್ಬೇಕೇನು?"

ದುಬಾರಿಯದನ್ನು ಕೊಂಡರೆ ಒಳ್ಳೆಯದನ್ನು ಕೊಂಡಂತೆ ಎನ್ನುವುದನ್ನು ನಾನು ವಾದವೆಂದು ಒಪ್ಪುವುದಿಲ್ಲ. ಅದು ಬರೀ ಹೆದರಿಕೆ. ಇಷ್ಟಕ್ಕೂ ನಮ್ಮ ಕಡೆ ಗಾದಿ ಪರೀಕ್ಷಿಸುವುದು ಹೇಗೆ? ಅಂಚಿಗೆ ಕೂತು ಅಂಗೈಯಿಂದ ಒತ್ತುತ್ತಾರೆ, ಮುಗಿಯಿತು. ಅಂಗೈಗೆ ಸೊಂಟನೋವು ಬರುತ್ತದೆಯೇ?

"ಅವ್ವಾ, ಮಲಗಿ ನೋಡು."

"ಹುಚ್ಚ್ ಹಿಡದೈತೇನ ನಿನಗ? ಇಷ್ಟ ಗಂಡಸ್ರ ಮುಂದ ಅಡ್ಡ ಆಗ್ಲೇನು?"

ಹಾಗಿದ್ದರೆ ಮೊದಲು ನಾನೇ. ಚಪ್ಪಲಿ ಬಿಟ್ಟು, ಅಂಗಡಿಯ ನಟ್ಟನಡುವೆ ಉದ್ದಕ್ಕೆ ಮಲಗಿದೆ. ಕುರ್ಚಿ ನೋಡುತ್ತಿದ್ದ ಇಬ್ಬರು ಗಿರಾಕಿಗಳು ಇತ್ತ ತಿರುಗಿದರು.

"ತಂಗಿ, ಕುಂತ ನೋಡಿದ್ರ ಗೊತ್ತಾಕೈತಿ," ಎಂದರು ಮಾಲೀಕರು, ದನಿ ತಗ್ಗಿಸಿ.

"ಕುಂದ್ರಾಕಾದ್ರ ಕುರ್ಚಿ ಒಯ್ತಿದ್ವಿ ರೀ."

ಅಪ್ಪ ನೆಲ ನೋಡುತ್ತಿದ್ದ. ಅವ್ವ ನನ್ನನ್ನೊಮ್ಮೆ, ಆ ಗಿರಾಕಿಗಳನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನನ್ನು ಎಬ್ಬಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮನೆಯಲ್ಲಿ ಮಲಗುವಂತೆಯೇ, ಮಗ್ಗುಲಾಗಿ, ಮೊಣಕಾಲು ಮಡಚಿ. ಸ್ವಲ್ಪ ಹೊತ್ತಾದ ಮೇಲೆ ಏಳಲು ಹೋದಳು, ಆಗಲಿಲ್ಲ. ಆ ಮೆತ್ತನೆಯ ಪದರದಲ್ಲಿ ಮೊಣಕೈ ಹೂತುಹೋಗುತ್ತಿತ್ತು.

"ಏಳಾಕ ಬರವಲ್ದು, ಕೈ ಕೊಡು," ಎಂದಳು. ಡಾಕ್ಟರು ಹೇಳಿದ ಗಾದಿಯ ಕಥೆ ಅಲ್ಲಿಗೆ ಮುಗಿಯಿತು.

ಮೂಲೆಯಲ್ಲಿ ಒಂದು ತೆಳುವಾದ, ಗಟ್ಟಿ ಗಾದಿಯಿತ್ತು. ಬೆಲೆ ಆ ದಪ್ಪ ಗಾದಿಯ ಬೆಲೆಯ ಅರ್ಧಕ್ಕಿಂತ ಕಡಿಮೆ. ಜಿಪ್ ತೆಗೆದರೆ ಮೇಲಿಂದ ಕೆಳಗಿನವರೆಗೂ ಒಂದೇ ಬಗೆಯ ಗಟ್ಟಿ ಫೋಮು. ಅವ್ವ ಅದರ ಮೇಲೂ ಮಲಗಿದಳು. ಹತ್ತು ನಿಮಿಷವಾದರೂ ಏಳುವ ಲಕ್ಷಣ ಕಾಣಲಿಲ್ಲ.

"ಅಕ್ಕಾರ, ಏಳ್ರಿ, ಚಾ ತರಿಸೇನಿ," ಎಂದರು ಮಾಲೀಕರು.

"ಅಲ್ಲೇ ಇಡ್ರಿ, ಅಣ್ಣಾರ," ಎಂದಳು ಅವ್ವ.

ಮತ್ತೆ ಸ್ವಲ್ಪ ಹೊತ್ತಿಗೆ ಮೊಣಕೈ ಊರಿ, ಕಾಲು ಕೆಳಗಿಟ್ಟು, ಎದ್ದು ನಿಂತಳು. ಗೋಡೆ ಹಿಡಿಯಲಿಲ್ಲ. ನಾನು ಚಾಚಿದ ಕೈ ಹಾಗೇ ಉಳಿಯಿತು.

ಅಪ್ಪ ಹೊದಿಕೆಯನ್ನು ತಿಕ್ಕಿ ಮುಖ ಕಿವುಚಿದ. "ಅರಿವಿ ಭಾಳ ಹಗರ ಐತಿ."

"ಅರಿವಿ ನೀ ನೇಯ್ದ ಹಾಕು," ಎಂದಳು ಅವ್ವ. ಮಾಲೀಕರು ಬಿಲ್ಲಿನ ಪುಸ್ತಕ ತೆಗೆದರು. "ತಡೀರಿ, ಇನ್ನೊಮ್ಮಿ ನೋಡ್ತೇನಿ," ಎಂದು ಅವಳು ಮತ್ತೆ ಮಲಗಿದಳು. ಈ ಸಲ ಮುಖ ಬಾಗಿಲ ಕಡೆಗಿತ್ತು.